ಕಾಕನಕೋಟೆಯ ಜುಟ್ಟುಗಿಡುಗ, ನ್ಯೂಜೆರ್ಸಿಯ ಕೂಪರ್ ಗಿಡುಗ: ಅಚ್ಚು ಒಂದೇ, ಕುಲವೂ ಒಂದೆಯೆ?

ಸರಸ್ವತೀಪುರಂ ಹಿತ್ತಲು

ಕಳೆದ ವಾರ ನ್ಯೂಜೆರ್ಸಿಯಲ್ಲಿರುವ ಮಗಳು ಒಂದು ಚಿತ್ರ ಕಳುಹಿಸಿದಳು. ಅವರ ಮನೆಯ ಹಿಂದಿನ ಮರದ ಬೇಲಿಯ ಮೇಲೆ ಒಂದು ಗಿಡುಗ ಕುಳಿತಿದೆ. ಬೆನ್ನು ಮಳೆಮೋಡದ ಬೂದು, ಎದೆಯಿಂದ ಹೊಟ್ಟೆಯವರೆಗೆ ಇಟ್ಟಿಗೆ ಬಣ್ಣದ ಅಡ್ಡಗೆರೆಗಳು, ನೆತ್ತಿಗೆ ಟೊಪ್ಪಿ ಹಾಕಿದಂತಹ ಗಾಢ ಬಣ್ಣ, ಉದ್ದನೆಯ ಬಾಲ. ಕಾಲಿನಡಿಯಲ್ಲಿ ಅಲ್ಲಿನ ಚೋರೆ ಹಕ್ಕಿಯೊಂದರ ಪುಕ್ಕಗಳು. ಹಕ್ಕಿಗಳಿಗೆಂದು ಕಾಳು ತುಂಬಿ ತೂಗುಹಾಕಿದ್ದ ಡಬ್ಬಿಗೆ ಬಂದ ಚೋರೆಯನ್ನು ಇದು ಎಲ್ಲಿಂದಲೋ ಎರಗಿ ಹಿಡಿಯಿತು, ಮೊಮ್ಮಗಳು ಕಿರುಚಿಕೊಂಡಳು, ಈಗೇನು ಮಾಡಬೇಕು ಎಂಬುದು ಅವಳ ಚಿಂತೆ. ಅದು ಕೂಪರ್ ಗಿಡುಗ ಎಂದು ನೆರೆಮನೆಯವರು ಹೇಳಿದರಂತೆ.

ನನ್ನ ಚಿಂತೆ ಬೇರೆ. ಎರಡು ವರ್ಷದ ಹಿಂದೆ ಕಾಕನಕೋಟೆಯ ಕಡೆ ಸಫಾರಿಗೆ ಹೋಗಿದ್ದಾಗ ಮತ್ತಿಮರದ ಕೊಂಬೆಯ ಮೇಲೆ ಕುಳಿತ ಒಂದು ಗಿಡುಗದ ಚಿತ್ರ ತೆಗೆದಿದ್ದೆ. ಜೊತೆಯಲ್ಲಿದ್ದವರು ಅದನ್ನು ಕ್ರೆಸ್ಟೆಡ್ ಗೋಶಾಕ್ ಎಂದು ಗುರುತಿಸಿದ್ದರು. ನಾನಿಲ್ಲಿ ಜುಟ್ಟುಗಿಡುಗ ಎನ್ನುತ್ತೇನೆ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಅಣ್ಣತಮ್ಮಂದಿರಂತೆ ಕಂಡವು. ನಡುವೆ ಒಂದು ಮಹಾಸಾಗರವೇ ಇರುವಾಗ ಇಷ್ಟು ಹೋಲಿಕೆ ಎಲ್ಲಿಂದ ಬಂತು? ಇವು ಒಂದೇ ವಂಶದ ಕವಲುಗಳೋ, ಇಲ್ಲವೇ ನನ್ನ ಕಣ್ಣಿನ ಭ್ರಮೆಯೋ? ಈ ಚರ್ಚಾವೇದಿಕೆಯಲ್ಲಿ ತಿಳಿದವರು ಸಾವಕಾಶವಾಗಿ ವಿವರಿಸಬೇಕೆಂದು ಕೋರುತ್ತೇನೆ.

ಹಳೇ ದುರ್ಬೀನು

ಕಣ್ಣಿನ ಭ್ರಮೆಯಲ್ಲ, ಹೋಲಿಕೆ ನಿಜವಾಗಿಯೂ ಇದೆ. ಆದರೆ ಮೊದಲು ವ್ಯತ್ಯಾಸ ಹೇಳಿಬಿಡುತ್ತೇನೆ, ಏಕೆಂದರೆ ಚಿತ್ರದಲ್ಲಿ ಕಾಣುವುದು ಅದೇ.

ನಿಮ್ಮ ಕಾಕನಕೋಟೆಯ ಚಿತ್ರದಲ್ಲಿ ಹಕ್ಕಿಯ ಗಂಟಲನ್ನು ದೊಡ್ಡದು ಮಾಡಿ ನೋಡಿ. ಬಿಳಿಯ ಗಂಟಲಿನ ನಡುವೆ ಒಂದು ಕಪ್ಪು ಗೆರೆ, ಎರಡು ಬದಿಗೆ ಮೀಸೆಯಂತೆ ಇನ್ನೆರಡು ಗೆರೆಗಳಿರುತ್ತವೆ. 1824ರಲ್ಲಿ ಡಚ್ ಪ್ರಾಣಿಶಾಸ್ತ್ರಜ್ಞ ಟೆಮಿಂಕ್ ಈ ಹಕ್ಕಿಯನ್ನು ಸುಮಾತ್ರಾದ ಮಾದರಿಯಿಂದ ವಿವರಿಸಿದಾಗ ಕೊಟ್ಟ ಟ್ರೈವಿರ್ಗೇಟಸ್ ಎಂಬ ಹೆಸರಿನ ಅರ್ಥವೇ ಮೂರು ಗೆರೆಯದು ಎಂದು. ಎದೆಯ ಮೇಲ್ಭಾಗದಲ್ಲಿ ಕಂದುಗೆಂಪಿನ ಉದ್ದಗೆರೆಗಳಿದ್ದು, ಹೊಟ್ಟೆಯ ಕಡೆ ಅವು ಅಡ್ಡಪಟ್ಟೆಗಳಾಗುತ್ತವೆ. ಕೂಪರ್ ಗಿಡುಗದ ಗಂಟಲಿನಲ್ಲಿ ಹಾಗೆ ಎದ್ದು ಕಾಣುವ ನಡುಗೆರೆಯಿಲ್ಲ, ಮತ್ತು ಬೆಳೆದ ಹಕ್ಕಿಯಲ್ಲಿ ಎದೆಯಿಂದಲೇ ಅಡ್ಡಪಟ್ಟೆಗಳು ಶುರುವಾಗುತ್ತವೆ. ಕಣ್ಣು ಇನ್ನೊಂದು ಸುಳಿವು: ಕೂಪರ್ ಗಿಡುಗದ ಕಣ್ಣು ಮರಿಯಲ್ಲಿ ಹಳದಿಯಾಗಿದ್ದು, ವಯಸ್ಸಾದಂತೆ ಕಿತ್ತಳೆಗೆ ತಿರುಗಿ ಕೊನೆಗೆ ಕೆಂಪಾಗುತ್ತದೆ, ನಮ್ಮದರ ಕಣ್ಣು ಹಳದಿ ಬಳಗದಲ್ಲೇ ಉಳಿಯುತ್ತದೆ. ಗಾತ್ರದಲ್ಲಿ ಎರಡಕ್ಕೂ ಹೆಚ್ಚು ಅಂತರವಿಲ್ಲ. ಜುಟ್ಟುಗಿಡುಗ 30ರಿಂದ 46 ಸೆಂಟಿಮೀಟರ್, ಕೂಪರ್ ಸುಮಾರು 35ರಿಂದ 50 ಸೆಂಟಿಮೀಟರ್. ನಮ್ಮದು ಮೋಟುಗಾಲಿನ ಪೈಲ್ವಾನನಂತೆ, ಅದು ಉದ್ದಬಾಲದ ಓಟಗಾರನಂತೆ ಎಂದರೆ ಚಿತ್ರ ಸರಿಯಾಗಿ ಮೂಡಬಹುದು.

ಜುಟ್ಟನ್ನು ಮಾತ್ರ ನಂಬಬೇಡಿ. ಹೆಸರಿನಲ್ಲಿ ಅದು ಇದ್ದರೂ ಹಕ್ಕಿ ತಲೆ ತಗ್ಗಿಸಿ ಕುಳಿತಾಗ ಹಿಂದಲೆಯಲ್ಲಿ ಒಂದು ಚಿಕ್ಕ ಮೊನೆಯಾಗಿ ಕಂಡರೆ ಕಂಡಿತು, ಇಲ್ಲವಾದರೆ ಇಲ್ಲ.

ನಿವೃತ್ತ ಪ್ರಾಣಿಶಾಸ್ತ್ರದವಳು

ಮೇಲಿನ ವಿವರಣೆ ಸೊಗಸಾಗಿದೆ. ವಂಶದ ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಮೂವತ್ತು ವರ್ಷ ತರಗತಿಯಲ್ಲಿ ನಾನೇ ಈ ವಿಷಯವನ್ನು ತಪ್ಪಾಗಿ ಕಲಿಸಿದ್ದೇನೆ. ತಪ್ಪು ನನ್ನೊಬ್ಬಳದಲ್ಲ, ಆಗ ಎಲ್ಲರೂ ಹಾಗೆಯೇ ಕಲಿಸುತ್ತಿದ್ದರು.

ಗಿಡ್ಡ ದುಂಡು ರೆಕ್ಕೆ, ಉದ್ದ ಬಾಲ, ಅಡ್ಡಪಟ್ಟೆಯ ಹೊಟ್ಟೆ ಇರುವ ಕಾಡಿನ ಗಿಡುಗಗಳನ್ನೆಲ್ಲ 1760ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಬ್ರಿಸನ್ ಸ್ಥಾಪಿಸಿದ ಆಕ್ಸಿಪಿಟರ್ ಎಂಬ ಒಂದೇ ಕುಲದಲ್ಲಿ, ಅಂದರೆ ಹತ್ತಿರದ ನೆಂಟ ಪ್ರಭೇದಗಳ ಒಂದೇ ಗುಂಪಿನಲ್ಲಿ, ಇಡಲಾಗಿತ್ತು. ಸುಮಾರು 50 ಪ್ರಭೇದಗಳಿದ್ದ ಆ ಕುಲ ಹಕ್ಕಿಗಳ ಲೋಕದಲ್ಲೇ ದೊಡ್ಡ ಕೂಡುಕುಟುಂಬಗಳಲ್ಲಿ ಒಂದು. ನಮ್ಮ ಜುಟ್ಟುಗಿಡುಗ, ನಮ್ಮ ಬೀದಿಯ ಶಿಕ್ರಾ, ಅಮೆರಿಕದ ಕೂಪರ್, ಯುರೋಪಿನ ದೊಡ್ಡ ಗೋಶಾಕ್ ಎಲ್ಲವೂ ಅದರಲ್ಲೇ ಇದ್ದವು. ಡಿಎನ್‌ಎ ಪರೀಕ್ಷೆಗಳು ಬಂದ ಮೇಲೆ ಮನೆಯೊಳಗಿನ ಗುಟ್ಟು ಹೊರಬಿತ್ತು. ಬಯಲಿನ ಹುಲ್ಲಿನ ಮೇಲೆ ತಗ್ಗಾಗಿ ತೇಲುತ್ತಾ ಬೇಟೆಯಾಡುವ, ಚಳಿಗಾಲದಲ್ಲಿ ನಮ್ಮ ಕಡೆಗೂ ಬರುವ ಹ್ಯಾರಿಯರ್‌ಗಳನ್ನು ನೀವು ನೋಡಿರುತ್ತೀರಿ. ಉದ್ದ ಕಿರಿದಾದ ರೆಕ್ಕೆಯ ಆ ಹಕ್ಕಿಗಳು ಗಿಡುಗಗಳಿಗೆ ದೂರದ ನೆಂಟರೆಂದು ನಂಬಿದ್ದೆವು. ಆದರೆ ಅವು ಇದೇ ಕೂಡುಕುಟುಂಬದ ಒಳಗಿನಿಂದಲೇ ಕವಲೊಡೆದವು ಎಂದು ಗೊತ್ತಾಯಿತು. ಹಾಗಾದರೆ ಒಂದೋ ಹ್ಯಾರಿಯರ್‌ಗಳನ್ನೂ ಆಕ್ಸಿಪಿಟರ್ ಎನ್ನಬೇಕು, ಇಲ್ಲವೇ ಮನೆ ಪಾಲಾಗಬೇಕು. 2024ರಲ್ಲಿ ಜಾಗತಿಕ ಪಕ್ಷಿಪಟ್ಟಿಗಳು ಎರಡನೆಯ ದಾರಿಯನ್ನು ಹಿಡಿದವು.

ಪಾಲಿನ ಪತ್ರದ ಪ್ರಕಾರ ಕೂಪರ್ ಗಿಡುಗ ಈಗ ಆಸ್ಟುರ್ ಕುಲದ್ದು. ಅಂದರೆ ಯುರೋಪ್ ಮತ್ತು ಅಮೆರಿಕದ ದೊಡ್ಡ ಗೋಶಾಕ್‌ಗಳ ಪಾಲಿಗೆ ಬಂದಿದೆ. ನಮ್ಮ ಶಿಕ್ರಾ ಮತ್ತು ಬೆಸ್ರಾ ಟ್ಯಾಕಿಸ್ಪಿಜಾ ಕುಲಕ್ಕೆ ಹೋದವು. ಜುಟ್ಟುಗಿಡುಗವನ್ನು 1844ರಲ್ಲೇ ಜರ್ಮನ್ ಪ್ರಾಣಿಶಾಸ್ತ್ರಜ್ಞ ಕೌಪ್ ಇಟ್ಟಿದ್ದ ಲೋಫೊಸ್ಪಿಜಾ ಎಂಬ ಹಳೆಯ ಹೆಸರಿನ ಕೆಳಗೆ, ಸುಲವೇಸಿ ದ್ವೀಪದ ಒಂದು ಗಿಡುಗದ ಜೊತೆಯಲ್ಲಿ, ಬೇರೆಯಾಗಿ ಇರಿಸಲಾಯಿತು. ಇವೆರಡೂ ಉಳಿದ ಗಿಡುಗಗಳಿಂದ ಬಹಳ ಹಿಂದೆಯೇ ದಾರಿ ಬೇರೆ ಮಾಡಿಕೊಂಡಿವೆ.

ಇದರಲ್ಲಿ ನನಗೆ ನಗು ತರಿಸುವ ಸಂಗತಿಯೊಂದಿದೆ. ಇಂಗ್ಲಿಷಿನಲ್ಲಿ ಗೋಶಾಕ್ ಎಂದು ಕರೆಸಿಕೊಳ್ಳುವ ನಮ್ಮ ಹಕ್ಕಿ ಗೋಶಾಕ್‌ಗಳ ಕುಲದಲ್ಲಿ ಇಲ್ಲ. ಬರೀ ಹಾಕ್ ಎಂದು ಕರೆಸಿಕೊಳ್ಳುವ ಕೂಪರ್ ಆ ಕುಲದಲ್ಲಿದೆ. ಹೆಸರುಗಳು ಅದಲುಬದಲಾದ ಎರಡು ಮಕ್ಕಳಂತೆ. ಕನ್ನಡದ ಗಿಡುಗ ಎಂಬ ಒಂದೇ ಮಾತು ಇಂತಹ ಫಜೀತಿಗೆ ಸಿಲುಕದೆ ಉಳಿದಿದೆ.

ಸರಸ್ವತೀಪುರಂ ಹಿತ್ತಲು

ಹಾಗಾದರೆ ನೆಂಟಸ್ತಿಕೆ ದೂರದ್ದು, ಹೋಲಿಕೆ ಮಾತ್ರ ಹತ್ತಿರದ್ದು. ಇದಕ್ಕೆ ಕಾರಣವನ್ನೂ ದಯವಿಟ್ಟು ಹೇಳಿ. ಹಳೆಯ ಪೂರ್ವಜನಿಂದ ಉಳಿದುಬಂದ ರೂಪವೋ, ಇಲ್ಲವೇ ಎರಡೂ ಬೇರೆಬೇರೆಯಾಗಿ ಗಳಿಸಿಕೊಂಡದ್ದೋ?

ನಿವೃತ್ತ ಪ್ರಾಣಿಶಾಸ್ತ್ರದವಳು

ಎರಡರ ಪಾಲು ಎಷ್ಟೆಷ್ಟು ಎಂದು ತೂಗಿ ಹೇಳಲಾಗದು. ಆದರೆ ಆ ರೂಪವನ್ನು ಕಾಡು ಏಕೆ ಬಿಟ್ಟುಕೊಡುವುದಿಲ್ಲ ಎಂಬುದನ್ನು ಹೇಳಬಹುದು. ರಣಹದ್ದಿಗೆ ಉದ್ದ ಅಗಲದ ರೆಕ್ಕೆ ಬೇಕು, ಏಕೆಂದರೆ ಅದು ಬಿಸಿಗಾಳಿಯ ಮೇಲೆ ಗಂಟೆಗಟ್ಟಲೆ ಪುಕ್ಕಟೆಯಾಗಿ ತೇಲಬೇಕು. ಕಾಡಿನೊಳಗೆ ತೇಲುವುದಕ್ಕೆ ಜಾಗವೆಲ್ಲಿದೆ? ಅಲ್ಲಿ ಎರಡು ಕಾಂಡಗಳ ನಡುವೆ ನುಗ್ಗಬೇಕು, ನಿಂತಲ್ಲಿಂದ ಒಮ್ಮೆಲೇ ವೇಗ ಪಡೆಯಬೇಕು, ಓಡುವ ಹಕ್ಕಿ ತಿರುಗಿದಲ್ಲೆಲ್ಲ ತಿರುಗಬೇಕು. ಗಿಡ್ಡ ದುಂಡು ರೆಕ್ಕೆ ಕೊಂಬೆಗೆ ತಗಲುವುದಿಲ್ಲ, ಬೇಗ ಬಡಿಯುತ್ತದೆ. ಉದ್ದ ಬಾಲ ದೋಣಿಯ ಚುಕ್ಕಾಣಿಯ ಹಾಗೆ ದಿಕ್ಕು ಬದಲಿಸುತ್ತದೆ, ಬಿಚ್ಚಿದರೆ ಬ್ರೇಕೂ ಆಗುತ್ತದೆ. ಇದಕ್ಕೆ ತೆರುವ ಬೆಲೆಯೆಂದರೆ ದೂರದ ಹಾರಾಟದಲ್ಲಿ ಬೇಗ ದಣಿವು. ಅದೇ ಕುಟುಂಬದಿಂದ ಬಯಲಿಗೆ ಇಳಿದ ಹ್ಯಾರಿಯರ್ ಉದ್ದ ರೆಕ್ಕೆಯದಾಯಿತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನೆಂಟಸ್ತಿಕೆಗಿಂತ ಕಸುಬು ಹೆಚ್ಚು ರೂಪ ತಿದ್ದಿದೆ.

ಬೆಟ್ಟದ ಪಾದ

ಚರ್ಚೆಯ ನಡುವೆ ಒಂದು ಮಾತು. ಕಳೆದ ಮಾಘದಲ್ಲಿ ನಾನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ನಂದಿಗಿಂತ ಸ್ವಲ್ಪ ಕೆಳಗೆ ಇದೇ ಜುಟ್ಟುಗಿಡುಗವನ್ನು ನೋಡಿದ್ದೇನೆ. ಹಿಂದಲೆಯಲ್ಲಿ ಜುಟ್ಟು ಸ್ಪಷ್ಟವಾಗಿ ಎದ್ದು ನಿಂತಿತ್ತು. ಚಿತ್ರವೂ ಇದೆ, ಹಾಕಿದ್ದೇನೆ. ಮೈಸೂರಿನಲ್ಲಿ ಇಲ್ಲ ಎನ್ನುವವರು ನೋಡಬಹುದು.

ಹಳೇ ದುರ್ಬೀನು

ಚಿತ್ರಕ್ಕೆ ಧನ್ಯವಾದ. ಬೇಸರ ಮಾಡಿಕೊಳ್ಳಬೇಡಿ, ಇದು ಶಿಕ್ರಾ, ಕೆಲವರು ಬಿಜ್ಜು ಎನ್ನುವ ಹಕ್ಕಿ. ಗಾಳಿಗೆ ಕತ್ತಿನ ಗರಿಗಳು ಮೇಲೆದ್ದಿವೆ, ಅಷ್ಟೆ. ನಿಮ್ಮ ಎರಡನೆಯ ಚಿತ್ರದಲ್ಲಿ ಹಕ್ಕಿ ಹಾರುತ್ತಿದೆಯಲ್ಲ, ಅದರಲ್ಲಿ ರೆಕ್ಕೆಯ ತುದಿಯಲ್ಲಿ ಬೆರಳಿನಂತೆ ಬಿಚ್ಚಿಕೊಂಡ ಗರಿಗಳನ್ನು ಎಣಿಸಿ. ಶಿಕ್ರಾ ಮತ್ತು ಬೆಸ್ರಾಗಳಿಗೆ ಐದು ಬೆರಳು, ಜುಟ್ಟುಗಿಡುಗಕ್ಕೆ ಆರು. ನಿಮ್ಮ ಚಿತ್ರದಲ್ಲಿ ಐದೇ ಇವೆ. ತಲೆಯ ಬಣ್ಣವೂ ತಿಳಿಬೂದು. ಜುಟ್ಟುಗಿಡುಗದ್ದಾಗಿದ್ದರೆ ಸೀಸದಷ್ಟು ಗಾಢವಾಗಿರುತ್ತಿತ್ತು.

ಇಂತಹ ವಾದ ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಕೂಪರ್ ಗಿಡುಗವನ್ನೂ ಅದಕ್ಕಿಂತ ಚಿಕ್ಕದಾದ ಶಾರ್ಪ್‌ಶಿನ್ಡ್ ಗಿಡುಗವನ್ನೂ ಬೇರೆ ಮಾಡುವುದು ಪಕ್ಷಿವೀಕ್ಷಕರಿಗೆ ನಿತ್ಯದ ಜಗಳ. ಬಾಲದ ತುದಿ ದುಂಡಗಿದ್ದು ಬಿಳಿಯಂಚು ಅಗಲವಾಗಿದ್ದರೆ ಕೂಪರ್, ಕತ್ತರಿಸಿದಂತೆ ಚೌಕವಾಗಿದ್ದರೆ ಇನ್ನೊಂದು ಎಂಬುದು ಅಲ್ಲಿನ ಮೊದಲ ಪಾಠ. ಗರಿ ಸವೆದ ಹಕ್ಕಿ ಸಿಕ್ಕರೆ ಆ ಪಾಠವೂ ಕೈಕೊಡುತ್ತದೆ. ಗಾತ್ರದಿಂದ ಹೇಳೋಣವೆಂದರೆ ಹೆಣ್ಣು ಗಂಡಿಗಿಂತ ಬಹಳ ದೊಡ್ಡದಾದ್ದರಿಂದ ಚಿಕ್ಕ ಜಾತಿಯ ಹೆಣ್ಣು ದೊಡ್ಡ ಜಾತಿಯ ಗಂಡಿನ ಹತ್ತಿರ ಬಂದುಬಿಡುತ್ತದೆ.

ಬೆಟ್ಟದ ಪಾದ

ಮೂರು ಬಾರಿ ಎಣಿಸಿದೆ. ಐದೇ. ಒಪ್ಪಿದ್ದೇನೆ.

ಮಂಡ್ಯದ ಕಬ್ಬಿನ ಗದ್ದೆ

ನೀವೆಲ್ಲ ಹಕ್ಕಿಯ ಬೆರಳು ಎಣಿಸುತ್ತಿದ್ದೀರಿ. ನಮ್ಮಂಥವರು ಕೋಳಿಮರಿ ಎಣಿಸುತ್ತೇವೆ. ನಮ್ಮ ಮನೆಯ ಅಂಗಳದಲ್ಲಿ ತಾಯಿಕೋಳಿ ಒಂದು ಬಗೆಯ ದನಿ ತೆಗೆದರೆ ಮರಿಗಳೆಲ್ಲ ರೆಕ್ಕೆಯ ಕೆಳಗೆ ನುಗ್ಗುತ್ತವೆ, ಮಕ್ಕಳು ಮೊರ ಬಡಿಯುತ್ತಾ ಓಡುತ್ತಾರೆ. ಬಹುಮಟ್ಟಿಗೆ ಬರುವುದು ಹದ್ದು, ಒಮ್ಮೊಮ್ಮೆ ಶಿಕ್ರಾ. ಅಮೆರಿಕದ ಆ ಗಿಡುಗಕ್ಕೂ ಇದೇ ಅಪವಾದವಿತ್ತೆ? ಇನ್ನೊಂದು ಪ್ರಶ್ನೆ ಗಂಭೀರವಾದದ್ದು. ನಮ್ಮ ಅಜ್ಜನ ಕಾಲದಲ್ಲಿ ಗದ್ದೆಗೆ ಡಿಡಿಟಿ ಪುಡಿಯನ್ನು ಕೈಯಿಂದಲೇ ಎರಚುತ್ತಿದ್ದರು. ಆ ಪುಡಿಯಿಂದ ಗಿಡುಗಗಳ ಮೊಟ್ಟೆ ಹಾಳಾಯಿತೆಂದು ಎಲ್ಲೋ ಕೇಳಿದ್ದೆ. ಗದ್ದೆಗೆ ಹಾಕಿದ್ದು ಮರದ ಮೇಲಿನ ಗೂಡಿಗೆ ಹೇಗೆ ಹತ್ತಿತು?

ನಿವೃತ್ತ ಪ್ರಾಣಿಶಾಸ್ತ್ರದವಳು

ಅಪವಾದ ಖಂಡಿತ ಇತ್ತು. ಕೂಪರ್ ಗಿಡುಗಕ್ಕೆ ಅಲ್ಲಿನ ರೈತರು ಕೋಳಿಗಿಡುಗ ಎಂದೇ ಹೆಸರಿಟ್ಟು ಕಂಡಕಂಡಲ್ಲಿ ಗುಂಡು ಹೊಡೆಯುತ್ತಿದ್ದರು. ಆ ಬಂದೂಕಿನಿಂದ ತಪ್ಪಿಸಿಕೊಂಡದ್ದನ್ನು ಡಿಡಿಟಿ ಹಿಡಿಯಿತು.

ಗೂಡಿಗೆ ಹತ್ತಿದ ಬಗೆ ಹೀಗೆ. ಡಿಡಿಟಿ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಬೇಗ ಕೊಳೆಯುವುದೂ ಇಲ್ಲ. ಪುಡಿ ತಿಂದ ನೂರು ಹುಳುಗಳನ್ನು ಒಂದು ಚಿಕ್ಕ ಹಕ್ಕಿ ತಿನ್ನುತ್ತದೆ, ಅಂತಹ ನೂರು ಹಕ್ಕಿಗಳನ್ನು ಒಂದು ಗಿಡುಗ ತಿನ್ನುತ್ತದೆ. ಹುಳುವಿನಲ್ಲಿ ಲವಲೇಶವಿದ್ದದ್ದು ಗಿಡುಗದ ಮೈಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಅದು ದೇಹದಲ್ಲಿ ಡಿಡಿಇ ಎಂಬ ರೂಪಕ್ಕೆ ಬದಲಾಗಿ, ಮೊಟ್ಟೆಯ ಚಿಪ್ಪಿಗೆ ಸುಣ್ಣ ಸೇರುವುದಕ್ಕೆ ಅಡ್ಡಿಮಾಡುತ್ತದೆ. ಚಿಪ್ಪು ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತದೆ. ಹಕ್ಕಿ ತಿನ್ನುವ ಗಿಡುಗಕ್ಕೆ ಇದರ ಪೆಟ್ಟು ಹೆಚ್ಚು, ಇಲಿ ತಿನ್ನುವುದಕ್ಕೆ ಕಡಿಮೆ. ಏಕೆಂದರೆ ಹಕ್ಕಿ ತಿನ್ನುವುದರ ಸರಪಳಿಯಲ್ಲಿ ಕೊಂಡಿಗಳು ಒಂದೆರಡು ಜಾಸ್ತಿ.

1972 ಎಂಬ ಇಸವಿಯನ್ನು ಮಾತ್ರ ಗುರುತು ಹಾಕಿಕೊಳ್ಳಿ. ಆ ವರ್ಷ ಅಮೆರಿಕ ಡಿಡಿಟಿಯ ಬಳಕೆಯನ್ನು ನಿಷೇಧಿಸಿತು. ಅದೇ ವರ್ಷ ಮೆಕ್ಸಿಕೊ ಜೊತೆಗಿನ ಒಪ್ಪಂದದ ತಿದ್ದುಪಡಿಯಿಂದ ಗಿಡುಗಗಳು 1918ರ ವಲಸೆಹಕ್ಕಿ ಕಾಯ್ದೆಯ ರಕ್ಷಣೆಯೊಳಗೆ ಬಂದವು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದೂ 1972ರಲ್ಲೇ. ನಮ್ಮಲ್ಲಿ ಬೇಸಾಯಕ್ಕೆ ಡಿಡಿಟಿ ನಿಂತದ್ದು 1989ರಲ್ಲಿ. ಸೊಳ್ಳೆಯ ವಿರುದ್ಧದ ಬಳಕೆ ಅದರಾಚೆಗೂ ಮುಂದುವರಿಯಿತು. ಕೂಪರ್ ಗಿಡುಗಗಳ ಸಂಖ್ಯೆ ನಿಷೇಧದ ನಂತರ ಚೇತರಿಸಿಕೊಂಡು, ಇಂದು ಅಲ್ಲಿನ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವ ಗಿಡುಗ ಅದಾಗಿದೆ.

ಮಂಡ್ಯದ ಕಬ್ಬಿನ ಗದ್ದೆ

ಅರ್ಥವಾಯಿತು. ಕಬ್ಬಿನಲ್ಲಿ ಇಲಿಕಾಟಕ್ಕೆ ನಾವು ಈಗಲೂ ಪಾಷಾಣ ಇಡುತ್ತೇವೆ. ಆ ಇಲಿಯನ್ನು ಯಾರು ತಿನ್ನುತ್ತಾರೆ ಎಂದು ಇದುವರೆಗೆ ಲೆಕ್ಕ ಹಾಕಿರಲಿಲ್ಲ.

ನಾಗರಹೊಳೆ ಕಡೆಯವನು

ನಾನು ಓದಿದ್ದಕ್ಕಿಂತ ಕಾಡಿನ ಅಂಚಿನಲ್ಲಿ ನಿಂತು ನೋಡಿದ್ದೇ ಹೆಚ್ಚು. ಆದ್ದರಿಂದ ಬೇಟೆಯ ಬಗ್ಗೆ ಹೇಳುತ್ತೇನೆ.

ಜುಟ್ಟುಗಿಡುಗ ಕಾಡಿನಲ್ಲಿ ಕಾಣುವುದಕ್ಕಿಂತ ಮೊದಲು ಅದರ ಸುದ್ದಿ ಕೇಳುತ್ತದೆ. ಅಳಿಲುಗಳು ಒಂದೇ ಸಮನೆ ಚಿಟಗುಟ್ಟುತ್ತವೆ, ಹರಟೆಮಲ್ಲಗಳ ಗುಂಪು ಪೊದೆಯೊಳಗೆ ಇಳಿದು ಸುಮ್ಮನಾಗುತ್ತದೆ, ಭೀಮರಾಜ ಹಕ್ಕಿ ಮೇಲಿನಿಂದ ಕೂಗುತ್ತದೆ. ಆಮೇಲೆ ನೋಡಿದರೆ ಅರ್ಧ ಎತ್ತರದ ಕೊಂಬೆಯೊಂದರಲ್ಲಿ, ಕಾಂಡಕ್ಕೆ ಒತ್ತಿಕೊಂಡು, ಎಲೆಯ ನೆರಳಿನಲ್ಲಿ ಆಸಾಮಿ ಕೂತಿರುತ್ತದೆ. ಅದು ಬೆನ್ನಟ್ಟುವುದಕ್ಕಿಂತ ಕಾಯುವುದು ಹೆಚ್ಚು. ಓತಿಕೇತ, ಕಪ್ಪೆ, ಇಲಿ, ಅಳಿಲು, ಹಕ್ಕಿ ಯಾವುದಾದರೂ ಸರಿ. ಕಣ್ಣಳತೆಗೆ ಬಂದದ್ದರ ಮೇಲೆ ಬೀಳುತ್ತದೆ. ಮೋಟಾದ ಕಾಲು, ದಪ್ಪ ಬೆರಳು ಇಂತಹ ಮಿಶ್ರ ಊಟಕ್ಕೆ ಹೇಳಿಮಾಡಿಸಿದ್ದು. ಕೂಪರ್ ಗಿಡುಗವೂ ಅಳಿಲು, ಚಿಪ್‌ಮಂಕ್ ತಿನ್ನುತ್ತದೆಯಾದರೂ ಅದರ ಮುಖ್ಯ ಊಟ ಮಧ್ಯಮ ಗಾತ್ರದ ಹಕ್ಕಿಗಳು, ಮತ್ತು ಅದು ಅವುಗಳನ್ನು ಪೊದೆಯೊಳಗೂ ಹಿಂಬಾಲಿಸಿ ನುಗ್ಗುತ್ತದೆ.

ಆ ನುಗ್ಗಾಟದ ಬೆಲೆ ಏನೆಂದು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. 300ಕ್ಕೂ ಹೆಚ್ಚು ಕೂಪರ್ ಗಿಡುಗಗಳ ಅಸ್ಥಿಪಂಜರಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಶೇಕಡಾ 23ರಷ್ಟರಲ್ಲಿ ಎದೆಯ ಮೂಳೆಗಳು, ಅದರಲ್ಲೂ ಕತ್ತಿನ ಬುಡದ ಕವಲುಮೂಳೆ, ಮುರಿದು ಮತ್ತೆ ಕೂಡಿಕೊಂಡ ಗುರುತುಗಳಿದ್ದವು. ಕೊಂಬೆಗೆ ಡಿಕ್ಕಿ ಹೊಡೆದು, ಮೂಳೆ ಮುರಿದುಕೊಂಡು, ಬದುಕುಳಿದು, ಮತ್ತೆ ಬೇಟೆಗೆ ಹೊರಟವುಗಳ ಲೆಕ್ಕ ಇದು. ಬದುಕದೇ ಹೋದವು ಲೆಕ್ಕದಲ್ಲಿ ಇಲ್ಲ. ಹಿಡಿದ ಮೇಲೆ ಕೊಲ್ಲುವುದು ಎರಡೂ ಉಗುರಿನಿಂದಲೇ, ಹಿಂಡಿ ಹಿಂಡಿ. ಸಾಳುವ (ಫಾಲ್ಕನ್) ಜಾತಿಯವು ಕೊಕ್ಕಿನಿಂದ ಕತ್ತು ಕಡಿಯುವಂತೆ ಇವು ಮಾಡುವುದಿಲ್ಲ. ಕೂಪರ್ ಗಿಡುಗ ಕೆಲವೊಮ್ಮೆ ಹಿಡಿದದ್ದನ್ನು ನೀರಿನಲ್ಲಿ ಅದುಮಿ ಮುಳುಗಿಸಿ ಸಾಯಿಸುತ್ತದೆಯಂತೆ. ನಮ್ಮದು ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ.

ಇನ್ನು ಮದುವೆಯ ಹಾರಾಟ. ಚಳಿ ಹಿಂದೆ ಸರಿಯುವ ಹೊತ್ತಿಗೆ ಬೆಳಗಿನ ಹತ್ತು ಗಂಟೆಯ ಸುಮಾರಿಗೆ ಜುಟ್ಟುಗಿಡುಗ ಕಾಡಿನ ತಲೆಯ ಮೇಲೆ ಏರಿ, ಬಾಲದಡಿಯ ಬಿಳಿಯ ಗರಿಗಳನ್ನು ಹತ್ತಿಯ ಉಂಡೆಯಂತೆ ಉಬ್ಬಿಸಿಕೊಂಡು, ರೆಕ್ಕೆಗಳನ್ನು ಕೆಳಕ್ಕೆ ಬಾಗಿಸಿ ನಡುಗಿಸುತ್ತಾ ಸಾಗುತ್ತದೆ. ದೂರದಿಂದ ಸೊಂಟದ ಎರಡೂ ಪಕ್ಕದಲ್ಲಿ ಬಿಳಿ ತೇಪೆ ಹಾಕಿದಂತೆ ಕಾಣುತ್ತದೆ. ಕೂಪರ್ ಗಿಡುಗವೂ ಆ ಕಾಲದಲ್ಲಿ ಬಾಲದಡಿಯ ಬಿಳಿಯನ್ನು ಹೀಗೆಯೇ ಅರಳಿಸುತ್ತದೆಯಂತೆ, ಆದರೆ ಅದರ ರೆಕ್ಕೆಬಡಿತ ನಿಧಾನ, ಆಳ, ಮತ್ತು ಮೇಲ್ಮುಖ; ನಡುವೆ ರೆಕ್ಕೆಗಳನ್ನು ಮೇಲೆತ್ತಿ ಹಿಡಿದು ಜಾರುತ್ತದೆ. ಜುಟ್ಟುಗಿಡುಗ ರೆಕ್ಕೆಗಳನ್ನು ತಗ್ಗಿಸಿ ಜೊತೆಯನ್ನು ಕರೆಯುತ್ತದೆ, ಕೂಪರ್ ರೆಕ್ಕೆಗಳನ್ನು ಎತ್ತಿ. ನನ್ನ ಮಟ್ಟಿಗೆ ಇವೆರಡರ ನಡುವಿನ ಅತ್ಯಂತ ಚೆಂದದ ವ್ಯತ್ಯಾಸ ಇದು.

ಹಳೇ ದುರ್ಬೀನು

ಸಂಸಾರದ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಕೂಪರ್ ಗಿಡುಗದಲ್ಲಿ ತೂಕ 220 ಗ್ರಾಂನಿಂದ 680 ಗ್ರಾಂವರೆಗೆ ಹರಡಿದೆ. ಕೆಳತುದಿ ಗಂಡಿನದು, ಮೇಲ್ತುದಿ ಹೆಣ್ಣಿನದು. ಅಂದರೆ ಹೆಂಡತಿಯ ಊಟದ ಗಾತ್ರಕ್ಕೆ ಗಂಡನೂ ಹೊಂದುತ್ತಾನೆ. ಆದ್ದರಿಂದ ಗಂಡು ಆಹಾರ ತಂದಾಗ ಹೆಣ್ಣು ಹತ್ತಿರ ಬರಬಹುದು ಎಂಬ ದನಿ ಕೊಡುವವರೆಗೆ ದೂರದಲ್ಲೇ ಕಾಯುತ್ತದೆ. ಗೂಡು ಕಟ್ಟುವ ಕೆಲಸ ಬಹುತೇಕ ಗಂಡಿನದೇ, ಮರಿಗಳಿಗೂ ಹೆಣ್ಣಿಗೂ ತಂದುಹಾಕುವುದೂ ಅದರದೇ. ಜುಟ್ಟುಗಿಡುಗದಲ್ಲಿಯೂ ಹೆಣ್ಣೇ ದೊಡ್ಡದು. ಅದು ಸಾಮಾನ್ಯವಾಗಿ ಎರಡು ಮೂರು ಮೊಟ್ಟೆ ಇಡುತ್ತದೆ. ಕೂಪರ್ ಮೂರರಿಂದ ಐದು. ಇನ್ನೊಂದು ದೊಡ್ಡ ಅಂತರ ವಲಸೆ. ಕೆನಡಾದ ದಕ್ಷಿಣದಿಂದ ಮೆಕ್ಸಿಕೊವರೆಗೆ ಹರಡಿರುವ ಕೂಪರ್‌ಗಳಲ್ಲಿ ಉತ್ತರದವು ಚಳಿಗೆ ದಕ್ಷಿಣಕ್ಕೆ ಇಳಿಯುತ್ತವೆ. ನಮ್ಮದು ಹುಟ್ಟಿದ ಕಾಡನ್ನು ಬಿಟ್ಟು ಹೆಚ್ಚು ಕದಲುವುದಿಲ್ಲ. ಪಶ್ಚಿಮ ಘಟ್ಟದ್ದನ್ನು ಪೆನಿನ್ಸುಲೇ ಎಂಬ ಪ್ರತ್ಯೇಕ ಉಪಪ್ರಭೇದವೆಂದು, ಶ್ರೀಲಂಕಾದ್ದನ್ನು ಇನ್ನೊಂದೆಂದು ಎಣಿಸುವುದಕ್ಕೆ ಈ ಜಡತೆಯೂ ಕಾರಣವಿರಬೇಕು.

ಸರಸ್ವತೀಪುರಂ ಹಿತ್ತಲು

ಮಗಳಿಗೆ ಇದನ್ನೆಲ್ಲ ಫೋನಿನಲ್ಲಿ ಓದಿ ಹೇಳಿದೆ. ಅವಳು ಅಲ್ಲಿಂದ ಇನ್ನೊಂದು ಸಂಗತಿ ಹೇಳಿದಳು. ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ ವ್ಲಾಡಿಮಿರ್ ಡಿನೆಟ್ಸ್ ಎಂಬ ಪ್ರಾಣಿಶಾಸ್ತ್ರಜ್ಞರು ನೋಡಿ 2025ರಲ್ಲಿ ಪ್ರಕಟಿಸಿದ ವರದಿ ಅದು. ಅಲ್ಲಿ ಪಾದಚಾರಿಗಳು ಗುಂಡಿ ಒತ್ತಿದಾಗ ಟ್ರಾಫಿಕ್ ದೀಪ ಹೆಚ್ಚು ಹೊತ್ತು ಕೆಂಪಾಗಿರುತ್ತದೆ, ಅಂಧರಿಗಾಗಿ ಒಂದು ಸದ್ದೂ ಬರುತ್ತದೆ. ಕೆಂಪು ಹೆಚ್ಚು ಹೊತ್ತಿದ್ದರೆ ಕಾರುಗಳ ಸಾಲು ಉದ್ದವಾಗಿ ಬೀದಿಯ ಒಂದು ಚಿಕ್ಕ ಮರದವರೆಗೆ ಬೆಳೆಯುತ್ತದೆ. ಒಂದು ಮನೆಯವರು ಮುಂದಿನ ಅಂಗಳದಲ್ಲಿ ರಾತ್ರಿ ಊಟ ಮಾಡುತ್ತಿದ್ದರಿಂದ ಬೆಳಿಗ್ಗೆ ಅಲ್ಲಿ ಬಿದ್ದ ಚೂರುಗಳಿಗೆ ಗುಬ್ಬಿ, ಚೋರೆಗಳು ಇಳಿಯುತ್ತಿದ್ದವು. ಎಳೆಯ ಕೂಪರ್ ಗಿಡುಗವೊಂದು ಆ ಸದ್ದು ಕೇಳಿದ ಕೂಡಲೇ ಮರಕ್ಕೆ ಬಂದು ಕೂತು, ಸಾಲು ಬೆಳೆಯುವವರೆಗೆ ಕಾದು, ಕಾರುಗಳ ಮರೆಯಲ್ಲಿ ನೆಲಮಟ್ಟದಲ್ಲಿ ಹಾರಿಬಂದು ಎರಗುತ್ತಿತ್ತಂತೆ.

ಇಷ್ಟು ಊರಿಗೆ ಹೊಂದಿಕೊಂಡದ್ದನ್ನು ಕಾಡಿನ ಗಿಡುಗ ಎಂದು ಕರೆಯುವುದು ಸರಿಯೇ? ಅಂದಹಾಗೆ, 1828ರಲ್ಲಿ ಈ ಹಕ್ಕಿಯನ್ನು ವಿವರಿಸಿ, ನ್ಯೂಯಾರ್ಕಿನ ನಿಸರ್ಗಪ್ರೇಮಿ ವಿಲಿಯಂ ಕೂಪರ್ ಅವರ ಹೆಸರಿಟ್ಟವರು ನೆಪೋಲಿಯನ್ನನ ತಮ್ಮನ ಮಗ ಷಾರ್ಲ್ ಲೂಸಿಯೆನ್ ಬೊನಾಪಾರ್ಟ್ ಎಂಬುದನ್ನೂ ಅವಳೇ ಹುಡುಕಿದಳು.

ನಿವೃತ್ತ ಪ್ರಾಣಿಶಾಸ್ತ್ರದವಳು

ಕಾಡಿನ ಗಿಡುಗ ಎನ್ನುವುದು ವಿಳಾಸವಲ್ಲ, ಕಸುಬು ಎಂದು ನಾನು ಉತ್ತರಿಸುತ್ತೇನೆ. ಕಾರಿನ ಸಾಲು ಅದಕ್ಕೆ ಪೊದೆಯ ಸಾಲು. ಮರೆಯಿಂದ ಮರೆಗೆ ಹಾರಿ ಕೊನೆಯ ಗಳಿಗೆಯಲ್ಲಿ ಎರಗುವ ಕಾಡಿನ ವಿದ್ಯೆಯನ್ನೇ ಅದು ರಸ್ತೆಯಲ್ಲಿ ಬಳಸಿದೆ. ಜುಟ್ಟುಗಿಡುಗವೂ ಎಲ್ಲ ಕಡೆ ಕಾಡಿನಲ್ಲೇ ಕೂತಿಲ್ಲ. ತೈವಾನಿನ ತೈಪೆಯ ನಡುಮಧ್ಯದ ದಾಆನ್ ಉದ್ಯಾನದಲ್ಲಿ, ಸಿಂಗಪುರದ ನಗರದ ಹಸಿರಿನಲ್ಲಿ ಅದು ಗೂಡು ಕಟ್ಟಿ ಮರಿ ಮಾಡುತ್ತದೆ. ಜನ ಕೆಳಗೆ ವ್ಯಾಯಾಮ ಮಾಡುತ್ತಿದ್ದರೂ ಕದಲುವುದಿಲ್ಲ. ಅದೇ ಪ್ರಭೇದ ನಮ್ಮ ಕಡೆ ಕಾಡು ಬಿಟ್ಟು ಹೊರಬರುವುದೇ ಅಪರೂಪ.

ಬೆಟ್ಟದ ಪಾದ

ಹಾಗಾದರೆ ಮೈಸೂರಿಗೆ ಏಕೆ ಬಂದಿಲ್ಲ? ನಮ್ಮಲ್ಲಿ ಹಳೆಯ ಮಳೆಮರಗಳ ಸಾಲುಗಳಿವೆ, ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳ ಸುತ್ತ ಮರಗಳಿವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅದು ಕೂತಿರುವುದನ್ನು ನೋಡುವ ಆಸೆ ನನಗೆ ಇನ್ನೂ ಹೋಗಿಲ್ಲ.

ನಾಗರಹೊಳೆ ಕಡೆಯವನು

ನನ್ನ ಊಹೆ ಹೇಳುತ್ತೇನೆ, ಊಹೆಯೆಂದೇ ತೆಗೆದುಕೊಳ್ಳಿ. ತೈಪೆಯ ಸುತ್ತ ಬೆಟ್ಟ, ಬೆಟ್ಟದ ತುಂಬ ಕಾಡು. ಕಾಡಿನ ಅಂಚು ಊರಿನ ಹೊಸ್ತಿಲಿಗೇ ತಗಲುತ್ತದೆ. ಮೈಸೂರಿನಿಂದ ನಾಗರಹೊಳೆಯ ಅಂಚಿಗೆ ಹೋಗುವ ದಾರಿಯಲ್ಲಿ ನೆತ್ತಿ ಮುಚ್ಚುವಂತಹ ಮರಗಳ ಸಾಲು ಎಲ್ಲಿದೆ? ತಂಬಾಕು, ರಾಗಿ, ಹತ್ತಿಯ ಹೊಲಗಳು. ಕಾಡು ಬಿಟ್ಟು ಕದಲದ ಹಕ್ಕಿ ಆ ಬಯಲನ್ನು ಏಕೆ ದಾಟಬೇಕು? ದಾಟಿದರೂ ಇಲ್ಲಿ ಶಿಕ್ರಾ ಮೊದಲೇ ಕೂತಿದೆ. ಚಾಮುಂಡಿ ಬೆಟ್ಟದ ಕಾಡೂ ಕುರುಚಲು ಹೆಚ್ಚಾಗಿರುವ ಒಣಕಾಡು, ಅದರ ಇಷ್ಟದ ಎತ್ತರದ ನೆರಳು ಅಲ್ಲಿ ಕಡಿಮೆ.

ಮಂಡ್ಯದ ಕಬ್ಬಿನ ಗದ್ದೆ

ಹಕ್ಕಿ ಊರಿಗೆ ಬರುವುದಕ್ಕೆ ಮರವೊಂದೇ ಸಾಲದು, ಊರಿನವರ ಮನಸ್ಸೂ ಬೇಕು. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಕೊಕ್ಕರೆ, ಹೆಜ್ಜಾರ್ಲೆಗಳು ಮನೆಯ ಮುಂದಿನ ಹುಣಸೆಮರದಲ್ಲಿ ಗೂಡು ಕಟ್ಟುತ್ತವೆ. ಹಿಕ್ಕೆ ತಲೆಯ ಮೇಲೆ ಬಿದ್ದರೂ ಯಾರೂ ಓಡಿಸುವುದಿಲ್ಲ. ಆದರೆ ಕೊಕ್ಕರೆ ಮೀನು ತಿನ್ನುತ್ತದೆ, ಗಿಡುಗ ಕೋಳಿಮರಿಯ ಮೇಲೆ ಕಣ್ಣಿಡುತ್ತದೆ. ಅದೇ ಔದಾರ್ಯ ಇದಕ್ಕೂ ಸಿಕ್ಕೀತೆಂದು ನಾನು ಪ್ರಮಾಣ ಮಾಡಲಾರೆ.

ಹಳೇ ದುರ್ಬೀನು

ಊರು ಕರೆದು ಊಟವಿಟ್ಟರೂ ಅಪಾಯ ತಪ್ಪಿದ್ದಲ್ಲ. ಅಮೆರಿಕದ ಅರಿಜೋನಾದ ಟೂಸಾನ್ ನಗರದಲ್ಲಿ ಕೂಪರ್ ಗಿಡುಗಗಳಿಗೆ ಚೋರೆ, ಪಾರಿವಾಳಗಳು ಬೇಕಾದಷ್ಟು ಸಿಗುತ್ತವೆ. ಆ ಹಕ್ಕಿಗಳ ಗಂಟಲಿನಲ್ಲಿ ಟ್ರೈಕೊಮೊನಾಸ್ ಎಂಬ ಏಕಕೋಶ ಪರಜೀವಿ ಇರುತ್ತದೆ. 1990ರ ದಶಕದಲ್ಲಿ ಅಲ್ಲಿ ಗೂಡಿನ ಮರಿಗಳು ಈ ರೋಗದಿಂದ ಬಹಳವಾಗಿ ಸತ್ತವು; ಊರಾಚೆಯ ಗೂಡುಗಳಲ್ಲಿ ಹಾಗಾಗಿರಲಿಲ್ಲ. ದೊಡ್ಡ ಹಕ್ಕಿಗಳು ಮಾತ್ರ ಉಳಿದುಕೊಂಡವು. ಮರಿಯ ಬಾಯಿಯಲ್ಲಿ ಆಮ್ಲೀಯತೆ ಕಡಿಮೆಯಿರುವುದರಿಂದ ಪರಜೀವಿ ಅಲ್ಲಿ ಸುಲಭವಾಗಿ ಬೆಳೆಯುತ್ತದೆ, ಬೆಳೆದ ಹಕ್ಕಿಯ ಬಾಯಿಯಲ್ಲಿ ಕಷ್ಟ ಎಂದು ಆಮೇಲೆ ತಿಳಿಯಿತು. ನಮ್ಮ ಅರಮನೆಯ ಮುಂದೆ ಪಾರಿವಾಳಗಳಿಗೆ ಕಾಳು ಎರಚುತ್ತಿದ್ದವರನ್ನು ನೋಡಿದಾಗಲೆಲ್ಲ ನನಗೆ ಟೂಸಾನಿನ ಗೂಡುಗಳು ನೆನಪಾಗುತ್ತಿದ್ದವು. ಮಗಳಿಗೂ ಹೇಳಿ: ಕಾಳಿನ ಡಬ್ಬಿಯನ್ನು ಒಂದೆರಡು ವಾರ ಒಳಗಿಟ್ಟು, ತೊಳೆದು ಒಣಗಿಸಿ ಆಮೇಲೆ ಹಾಕಲಿ. ಅಷ್ಟರಲ್ಲಿ ಗಿಡುಗ ಬೇರೆ ಕಡೆ ಹೋಗಿರುತ್ತದೆ.

ಸರಸ್ವತೀಪುರಂ ಹಿತ್ತಲು

ಭಾನುವಾರ ಬೆಳಿಗ್ಗೆ ಲಿಂಗಾಂಬುಧಿಗೆ ಹೋಗಿದ್ದೆ. ಹೊಂಗೆಮರದ ಮೇಲೆ ಶಿಕ್ರಾ ಕೂತಿತ್ತು, ಅಳಿಲುಗಳು ನಾಗರಹೊಳೆಯವರು ಹೇಳಿದಂತೆಯೇ ಚಿಟಗುಟ್ಟುತ್ತಿದ್ದವು. ಹಾರಿದಾಗ ಬೆರಳು ಎಣಿಸಲು ನೋಡಿದೆ. ನಾಲ್ಕರವರೆಗೆ ಬಂದಿದ್ದೆ, ಅದು ಮರದ ಹಿಂದೆ ಮರೆಯಾಯಿತು. ಮಗಳು ಎರಡು ವಾರ ಕಾಳಿನ ಡಬ್ಬಿ ತೆಗೆದಿಟ್ಟು ಮೊನ್ನೆ ಮತ್ತೆ ತೂಗುಹಾಕಿದಳು. ಮಾರನೆಯ ದಿನ ಚೋರೆಗಳಿಗಿಂತ ಮೊದಲು ಗಿಡುಗವೇ ಬಂದು ಬೇಲಿಯ ಮೇಲೆ ಕೂತಿತ್ತಂತೆ. ಮೊಮ್ಮಗಳು ಈ ಸಲ ಕಿರುಚಲಿಲ್ಲ, ಅದರ ಕಣ್ಣು ಹಳದಿಯೋ ಕೆಂಪೋ ಎಂದು ಕಿಟಕಿಯಿಂದ ನೋಡುತ್ತಾ ನಿಂತಿದ್ದಳಂತೆ. ಕಿತ್ತಳೆ ಎಂದು ಹೇಳಿಕಳುಹಿಸಿದ್ದಾಳೆ.